ದುಃಖವು ಸತ್ಯ, ಆದರೆ ಸ್ವರೂಪವಲ್ಲ

2021ನೆಯ ಇಸವಿಯ ಭಾದ್ರಪದ ಮಾಸದಲ್ಲಿ ಹೊಳಲ್ಕೆರೆಯ ಕಡೆಯ ಒಂದು ಗ್ರಾಮಕ್ಕೆ ಪ್ರೌಷ್ಠಪದೀ ಭಾಗವತದ ನಿಮಿತ್ತ ಏಳು ದಿನಗಳ ಪ್ರವಚನಕ್ಕಾಗಿ ನಾನು ಹೋಗಿದ್ದೆನು. ತೀರ್ಥರೂಪರೂ ಜೊತೆಯಲ್ಲಿದ್ದರು. ಮಹಾಮಾರಿಯ ಎರಡನೆಯ ಅಲೆ ಇಳಿದು ಕೆಲವೇ ತಿಂಗಳುಗಳಾಗಿದ್ದುದರಿಂದ ಸೇರಿದ್ದವರು ಇಪ್ಪತ್ತು ಮಂದಿಗೆ ಮೀರಿರಲಿಲ್ಲ. ಐದನೆಯ ದಿನ ಮಂಗಳಾರತಿಯಾಗಿ, ತೀರ್ಥಪ್ರಸಾದಗಳನ್ನು ಸ್ವೀಕರಿಸಿ ಎಲ್ಲರೂ ಎದ್ದ ಮೇಲೆಯೂ ಒಬ್ಬ ಮಾತೆಯು ಕಂಬಕ್ಕೆ ಒರಗಿ ಕುಳಿತೇ ಇದ್ದರು. ಆ ವರ್ಷದ ವೈಶಾಖದಲ್ಲಿ ಅವರ ಏಕಮಾತ್ರ ಪುತ್ರನು ತೀರಿಕೊಂಡಿದ್ದನು. ಕಡೆಯ ಬಾರಿ ಮುಖ ನೋಡುವುದಕ್ಕೂ ಅವಕಾಶ ದೊರೆತಿರಲಿಲ್ಲ.

"ಆಚಾರ್ರೇ, ಎಲ್ಲಾ ಮಾಯೆ, ಅಳಬೇಡ ಅಂತಾರೆ ಕೆಲವರು. ನಿನ್ನ ಪ್ರಾರಬ್ಧ, ಅನುಭವಿಸಬೇಕು ಅಂತಾರೆ ಇನ್ನು ಕೆಲವರು. ನೀವು ಓದಿದವರು. ನಾನು ಅತ್ತರೆ ತಪ್ಪೇನು?" ಎಂದು ಅವರು ಕೇಳಿದರು.

ನಾನು ಗೀತೆಯ ಎರಡನೆಯ ಅಧ್ಯಾಯದ ಪ್ರಮೇಯವನ್ನು ವಿವರವಾಗಿಯೇ ಹೇಳಿದೆನು. ಜೀವನು ನಿತ್ಯ, ದೇಹವು ಅನಿತ್ಯ ಎಂಬುದನ್ನೆಲ್ಲ ಪಾಠಶಾಲೆಯಲ್ಲಿ ಕಲಿತ ಕ್ರಮದಲ್ಲಿಯೇ ಒಪ್ಪಿಸಿದೆನು. ಆಕೆ ಕೈ ಮುಗಿದು ಹೊರಟುಹೋದರು. ರಾತ್ರಿ ತೀರ್ಥರೂಪರು, "ಅವರು ಕೇಳಿದ್ದು ಆತ್ಮ ನಿತ್ಯವೋ ಅನಿತ್ಯವೋ ಅಂತಲ್ಲವೋ. ಅತ್ತರೆ ತಪ್ಪೇನು ಅಂತ ಕೇಳಿದರು. ಅದಕ್ಕೆ ನೀನು ಉತ್ತರ ಹೇಳಲೇ ಇಲ್ಲ" ಎಂದರು. ಅಂದು ಹೇಳದೆ ಬಿಟ್ಟ ಉತ್ತರವನ್ನು ಇಂದು ಸಜ್ಜನರ ಮುಂದೆ ಬರೆಯಲು ಯತ್ನಿಸುತ್ತಿದ್ದೇನೆ.

ಮೊದಲನೆಯದಾಗಿ, "ಎಲ್ಲವೂ ಮಾಯೆ" ಎಂಬ ಸಮಾಧಾನವು ನಮ್ಮ ಸಿದ್ಧಾಂತದ್ದಲ್ಲ. ಶ್ರೀಮದಾಚಾರ್ಯರ ಮತದಲ್ಲಿ ಜಗತ್ತು ಸತ್ಯ. ಜಗತ್ತು ಸತ್ಯವಾದ ಮೇಲೆ ಅದರಲ್ಲಿ ಜೀವನು ಪಡುವ ದುಃಖವೂ ಸತ್ಯವೇ ಸರಿ. ಇಷ್ಟೇ ಅಲ್ಲ. ಸುಖದುಃಖಗಳನ್ನು ತಿಳಿಯುವುದು ಸಾಕ್ಷಿ. ಅದು ಜೀವನ ಸ್ವರೂಪೇಂದ್ರಿಯ. ಕಣ್ಣು ಹಗ್ಗವನ್ನು ಹಾವೆಂದು ಕಾಣಬಹುದು, ಕಿವಿ ತಪ್ಪಾಗಿ ಕೇಳಬಹುದು, ಆದರೆ ಸಾಕ್ಷಿಯು ತಪ್ಪುವುದಿಲ್ಲವೆಂದು ನಮ್ಮ ಆಚಾರ್ಯರು ಸಾಧಿಸಿದ್ದಾರೆ. ಆದುದರಿಂದ ಒಬ್ಬ ತಾಯಿಯು "ನನಗೆ ದುಃಖವಾಗಿದೆ" ಎಂದರೆ ಆ ಮಾತಿಗೆ ಎದುರಾಗಿ ನಿಲ್ಲಿಸಲು ಯಾವ ಪ್ರಮಾಣವೂ ಇಲ್ಲ. "ಇಲ್ಲ, ನಿನಗೆ ದುಃಖವಾಗಿಲ್ಲ, ಆದಂತೆ ತೋರುತ್ತಿದೆ" ಎಂದು ಹೇಳತಕ್ಕವರು ಬೇರೆ ಯಾವ ಮತಕ್ಕೆ ಸೇರಿದವರೋ ನಾನರಿಯೆ, ತತ್ತ್ವವಾದಿಗಳಂತೂ ಅಲ್ಲ.

ಆದರೆ ಸಿದ್ಧಾಂತವು ಇಲ್ಲಿಗೇ ನಿಲ್ಲುವುದಿಲ್ಲ. ಮುಕ್ತಿಯೋಗ್ಯ ಜೀವನ ಸ್ವರೂಪವು ಜ್ಞಾನಾನಂದಾತ್ಮಕವಾದದ್ದು. ದುಃಖವು ಅವನಿಗೆ ಪ್ರಕೃತಿಸಂಬಂಧದಿಂದ ಬಂದದ್ದು. ಬಂದದ್ದು ಎಂದಾಗಲೇ ಹೋಗತಕ್ಕದ್ದೂ ಆಗಿದೆ. ಅದು ಸ್ವತಂತ್ರವೂ ಅಲ್ಲ. ಸ್ವತಂತ್ರನಾದವನು ಶ್ರೀಹರಿಯೊಬ್ಬನೇ, ಉಳಿದುದೆಲ್ಲವೂ ಅವನ ಅಧೀನ, ನಮ್ಮ ಕಣ್ಣೀರೂ ಸಹ. ಹೀಗೆ ದುಃಖವು ಸುಳ್ಳಲ್ಲ, ಹಾಗೆಂದು ಅದೇ ನಾನೂ ಅಲ್ಲ ಎಂಬ ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿಯಬೇಕು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಹೇಳಿದರೆ ಕೇಳುವವರಿಗೆ ಅದು ನಿಷ್ಠುರವಾಗಿ ತೋರುತ್ತದೆ. ನಾನು ಆ ದಿನ ಮಾಡಿದ್ದು ಅದನ್ನೇ.

ಇನ್ನು ಪ್ರಾರಬ್ಧದ ಮಾತು. ಪ್ರಾರಬ್ಧವು ಭೋಗಿಸಿಯೇ ತೀರತಕ್ಕದ್ದೆಂಬುದೂ, ಭಗವದನುಗ್ರಹದಿಂದ ಅದು ಲಘುವಾಗಬಹುದೆಂಬುದೂ ಶಾಸ್ತ್ರಸಮ್ಮತವೇ. ಆದರೆ ಈ ಅನುಸಂಧಾನವನ್ನು ಯಾರು ಮಾಡಬೇಕು? ದುಃಖಪಟ್ಟವನು ತನ್ನ ವಿಷಯದಲ್ಲಿ ತಾನು ಮಾಡಬೇಕು. ಪಕ್ಕದ ಮನೆಯವರು ಬಂದು ಅವನ ವಿಷಯದಲ್ಲಿ ಮಾಡತಕ್ಕದ್ದಲ್ಲ. ಯಾವ ಜನ್ಮದ ಯಾವ ಕರ್ಮಕ್ಕೆ ಯಾವ ಫಲವೆಂಬುದನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಕಾಣದ ಪಾಪವನ್ನು ಮತ್ತೊಬ್ಬರ ತಲೆಗೆ ಕಟ್ಟುವುದು ಶಾಸ್ತ್ರವಲ್ಲ, ಚಾಡಿ.

ತತ್ತ್ವದ ಮಾತು ಬಾಯಲ್ಲಿ ಬಂದ ಮಾತ್ರಕ್ಕೆ ಮನಸ್ಸು ವಾಸಿಯಾಯಿತೆಂದು ತಿಳಿಯಬಾರದು. ಇದಕ್ಕೆ ಭಾಗವತದ ಸಪ್ತಮ ಸ್ಕಂಧದಲ್ಲಿಯೇ ಒಂದು ನಿದರ್ಶನವಿದೆ. ಹಿರಣ್ಯಾಕ್ಷನು ಹತನಾದಾಗ ದಿತಿದೇವಿಯನ್ನೂ ತಮ್ಮನ ಹೆಂಡತಿಯನ್ನೂ ಸಮಾಧಾನಪಡಿಸಲು ಹಿರಣ್ಯಕಶಿಪುವು ಆತ್ಮನ ನಿತ್ಯತ್ವವನ್ನು ಬಹು ಚೆನ್ನಾಗಿ ಹೇಳುತ್ತಾನೆ. ಸುಯಜ್ಞನೆಂಬ ರಾಜನ ಉಪಾಖ್ಯಾನವನ್ನೂ, ಬಾಲಕನ ವೇಷದಲ್ಲಿ ಬಂದ ಯಮನ ಉಪದೇಶವನ್ನೂ ಸೇರಿಸಿ ಹೇಳುತ್ತಾನೆ. ಕೇಳಿದವರ ಶೋಕವು ಶಮನವಾಯಿತು. ಹೇಳಿದವನ ಗತಿ? ಅವನು ಸೇಡಿನ ತಪಸ್ಸಿಗೆ ಹೊರಟನು. ಸಾವಿನ ಮನೆಗಳಲ್ಲಿ ನಿರರ್ಗಳವಾಗಿ ವೇದಾಂತ ಹೇಳುವವರನ್ನು ಕಂಡಾಗ (ನಾನೂ ಅವರಲ್ಲಿ ಒಬ್ಬನೇ) ಈ ಪ್ರಸಂಗವು ನೆನಪಾಗುತ್ತದೆ.

ಹಾಗಾದರೆ ದುಃಖಿಗಳ ಬಳಿ ಹೇಗೆ ಇರಬೇಕು? ಗೀತೆಯ ಮೊದಲನೆಯ ಅಧ್ಯಾಯವನ್ನು ಪಾರಾಯಣ ಮಾಡುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಆ ಅಧ್ಯಾಯದಲ್ಲಿ ಭಗವಂತನು ಆಡುವುದು ಕೂಡಿರುವ ಕುರುಗಳನ್ನು ನೋಡು ಎಂಬ ಒಂದೇ ಮಾತು. ಉಳಿದಂತೆ ಅರ್ಜುನನು ಹೇಳುತ್ತಾನೆ, ಅವನು ಕೇಳುತ್ತಾನೆ. ಅರ್ಜುನನ ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವವು ಜಾರಿತು. ಅವನು ಬಿಲ್ಲು ಬಾಣಗಳನ್ನು ಬಿಟ್ಟು ರಥದಲ್ಲಿ ಕುಳಿತುಬಿಡುವವರೆಗೆ ಜಗದ್ಗುರುವು ಉಪದೇಶಕ್ಕೆ ತೊಡಗಲಿಲ್ಲ. ಉಪದೇಶವು ಆರಂಭವಾಗುವುದು ಎರಡನೆಯ ಅಧ್ಯಾಯದಲ್ಲಿ, ಶಿಷ್ಯನು ತಾನಾಗಿ ಕೇಳಿಕೊಂಡ ಮೇಲೆ.

ಅದೇ ಅರ್ಜುನನು, ಸಾಕ್ಷಾತ್ ಗೀತೆಯನ್ನು ಕೇಳಿದವನು, ಶ್ರೀಕೃಷ್ಣನ ನಿರ್ಯಾಣಾನಂತರ ದ್ವಾರಕೆಯಿಂದ ಹಿಂದಿರುಗಿ ಬಂದಾಗ ಮಾತೇ ಹೊರಡದೆ ನಿಂತನೆಂದು ಪ್ರಥಮ ಸ್ಕಂಧವು ಹೇಳುತ್ತದೆ. ಧರ್ಮರಾಜನು ಅವನನ್ನು ಗದರಿಸಲಿಲ್ಲ. ಯಾರಾದರೂ ಅವಮಾನಿಸಿದರೋ, ಕೊಡುತ್ತೇನೆಂದದ್ದನ್ನು ಕೊಡಲಾಗಲಿಲ್ಲವೋ ಎಂದು ಒಂದೊಂದಾಗಿ ವಿಚಾರಿಸಿದನು. ಆಗ ಅರ್ಜುನನು ಕಣ್ಣೊರೆಸಿಕೊಂಡು ದ್ರೌಪದಿಯ ಸ್ವಯಂವರ, ಖಾಂಡವ ದಹನ, ದೂರ್ವಾಸರು ಬಂದ ಸಂಕಟ ಹೀಗೆ ನೆನಪುಗಳನ್ನೆಲ್ಲ ಹೇಳುತ್ತ ಹೋದನು. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆಯೇ ರಣರಂಗದಲ್ಲಿ ಕೇಳಿದ ಜ್ಞಾನವು ಅವನಿಗೆ ಮತ್ತೆ ದೊರೆತದ್ದು. ಕಾಲಕರ್ಮಗಳಿಂದ ಅದು ಮುಚ್ಚಿಹೋಗಿತ್ತು. ಮೊದಲು ಕಥನ, ಆಮೇಲೆ ಶಾಂತಿ. ಈ ಕ್ರಮವನ್ನು ಭಗವಾನ್ ವೇದವ್ಯಾಸರೇ ಇಟ್ಟಿದ್ದಾರೆ.

ನಮ್ಮ ಹಿರಿಯರ ಅಪರಸಂಸ್ಕಾರದ ವ್ಯವಸ್ಥೆಯಲ್ಲಿಯೂ ಇದೇ ತಿಳಿವಳಿಕೆ ಅಡಗಿದೆಯೆಂದು ನನಗೆ ತೋರುತ್ತದೆ. ಹತ್ತು ದಿನಗಳ ಆಶೌಚ, ಹನ್ನೆರಡನೆಯ ದಿನದ ಸಪಿಂಡೀಕರಣ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ, ಅನಂತರ ತಿಂಗಳು ತಿಂಗಳಿಗೆ ಮಾಸಿಕ, ವರ್ಷಾಂತ್ಯಕ್ಕೆ ಆಬ್ದಿಕ. ಇವು ಮೃತನ ಸದ್ಗತಿಗಾಗಿ ವಿಹಿತವಾದ ಕರ್ಮಗಳು. ಅದರಲ್ಲಿ ಎರಡನೆಯ ಮಾತಿಲ್ಲ. ಜೊತೆಗೆ ಉಳಿದವರಿಗೂ ಇವು ಆಧಾರವಾಗುತ್ತವೆ. ಮೊದಲು ದಿನವೂ ಕೆಲಸ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ: ದುಃಖವನ್ನು ಒಮ್ಮೆಲೇ ಇಳಿಸಿಬಿಡು ಎಂದು ಯಾರೂ ಹೇಳಲಿಲ್ಲ. 2021ರ ವೈಶಾಖದಲ್ಲಿ ಅನೇಕ ಕುಟುಂಬಗಳಿಗೆ ಇದೇ ತಪ್ಪಿಹೋಯಿತು. ದೇಹವನ್ನು ಕಾಣಲಿಲ್ಲ, ಹೆಗಲು ಕೊಡುವವರಿಲ್ಲ, ಹತ್ತು ದಿನ ಬಂದು ಕೂರುವ ಬಂಧುಗಳಿಲ್ಲ. ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ನಮ್ಮ ದುರ್ಗದಲ್ಲಿ, ಆಗ ಅಳಲಾಗದೆ ಹೋದವರು ಈಗಲೂ ಇದ್ದಾರೆ. ಇಷ್ಟು ವರ್ಷಗಳಾದವಲ್ಲ, ಇನ್ನೂ ಏನು ಎಂದು ಕೇಳುವುದು ಅಂಥವರ ವಿಷಯದಲ್ಲಿ ಯುಕ್ತವಲ್ಲ. ಕಾಯುವುದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆಯ ವಾಣೀವಿಲಾಸ ಸಾಗರವು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ.

ದುಃಖವೆಂದರೆ ಸಾವಿನದು ಮಾತ್ರವಲ್ಲ. ಮಾತಿನಿಂದಾದ ಗಾಯವೂ ಉಂಟು, ಅದು ಕೆಲವೊಮ್ಮೆ ಸಾವಿನ ದುಃಖಕ್ಕಿಂತ ದೀರ್ಘವಾದದ್ದು. ಧ್ರುವಚರಿತ್ರೆಯನ್ನು ನಾವು ಮಕ್ಕಳ ಕಥೆಯೆಂದು ಹೇಳಿ ಮುಗಿಸುತ್ತೇವೆ. ವಸ್ತುತಃ ಅದರಷ್ಟು ಸೂಕ್ಷ್ಮವಾಗಿ ಮನಸ್ಸಿನ ಗಾಯವನ್ನು ಶೋಧಿಸಿದ ಆಖ್ಯಾನವು ವಿರಳ. ಐದು ವರ್ಷದ ಬಾಲಕನು ತಂದೆಯ ತೊಡೆಯೇರಲು ಹೋಗಿ ಸುರುಚಿಯಿಂದ ಕಟುವಾದ ಮಾತು ಕೇಳಿದನು. ತಾಯಿಯಾದ ಸುನೀತಿಯು ಮಗನನ್ನು ಎತ್ತಿಕೊಂಡು ತಾನೂ ಅತ್ತಳು. ಅತ್ತ ಮೇಲೆ ಹೇಳಿದಳು: ಮಗನೇ, ಇತರರಿಗೆ ಕೇಡು ಬಯಸಬೇಡ, ಶ್ರೀಹರಿಯ ಪಾದವನ್ನು ಆಶ್ರಯಿಸು. ಮಗನ ಮಾತನ್ನು ಸುಳ್ಳೆನ್ನಲಿಲ್ಲ, ಸವತಿಯನ್ನು ಬೈಯಲೂ ಇಲ್ಲ.

ದಾರಿಯಲ್ಲಿ ನಾರದರು ಎದುರಾಗಿ, ಆಡುವ ವಯಸ್ಸಿನ ಹುಡುಗನಿಗೆ ಮಾನವೇನು ಅಪಮಾನವೇನು, ದೈವವು ಕೊಟ್ಟದ್ದರಲ್ಲಿ ತೃಪ್ತನಾಗಿರು ಎಂದು ಪರೀಕ್ಷಿಸಿದರು. ಆಗ ಧ್ರುವನು ಕೊಟ್ಟ ಉತ್ತರವನ್ನು ಪ್ರವಚನಕಾರರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ನಿಮ್ಮ ಉಪದೇಶವು ಉತ್ತಮವಾದದ್ದೇ; ಆದರೆ ಸುರುಚಿಯ ಮಾತೆಂಬ ಬಾಣದಿಂದ ತೂತಾದ ನನ್ನ ಹೃದಯದಲ್ಲಿ ಅದು ನಿಲ್ಲುವುದಿಲ್ಲ ಎಂಬುದು ಅವನ ಅಭಿಪ್ರಾಯ. ದೇವರ್ಷಿಗಳು ಇದಕ್ಕೆ ಕೋಪಿಸಿಕೊಳ್ಳಲಿಲ್ಲ. ಉಪದೇಶದ ಕ್ರಮವನ್ನೇ ಬದಲಿಸಿ ಯಮುನಾತೀರದ ಮಧುವನಕ್ಕೆ ಹೋಗು ಎಂದರು. ಮಂತ್ರ, ಧ್ಯಾನ, ಪೂಜಾವಿಧಾನಗಳನ್ನು ಕೊಟ್ಟರು. ಹುಡುಗನಿಗೆ ಮಾಡಲು ಒಂದು ಕೆಲಸ ಸಿಕ್ಕಿತು.

ಭಗವಂತನ ದರ್ಶನವಾಯಿತು, ವರವೂ ದೊರೆಯಿತು. ಕಥೆಯು ಇಲ್ಲಿಗೆ ಮುಗಿಯಬೇಕಾಗಿತ್ತಲ್ಲವೆ? ಮುಗಿಯುವುದಿಲ್ಲ. ಧ್ರುವನು ಪೂರ್ಣ ಸಂತೋಷವಿಲ್ಲದೆ ಊರಿಗೆ ಮರಳಿದನೆಂದು ಮೈತ್ರೇಯರು ಹೇಳುತ್ತಾರೆ. ವಿದುರನು ಆಶ್ಚರ್ಯದಿಂದ ಕಾರಣವನ್ನು ಕೇಳಿದಾಗ, ಮಲತಾಯಿಯ ಮಾತು ಇನ್ನೂ ಮನಸ್ಸಿನಲ್ಲಿದ್ದುದರಿಂದ ಮುಕ್ತಿಯನ್ನು ಬೇಡಲಿಲ್ಲ, ಆಮೇಲೆ ಅದಕ್ಕಾಗಿ ಪರಿತಪಿಸಿದನು ಎಂದು ಉತ್ತರ. ಸಾಕ್ಷಾತ್ ಶ್ರೀಹರಿಯನ್ನು ಕಂಡವನಲ್ಲಿಯೂ ಗಾಯದ ಗುರುತು ಉಳಿದಿತ್ತು. ಊರಿಗೆ ಬಂದು ಅವನು ಸುರುಚಿಗೆ ನಮಸ್ಕರಿಸಿದನು, ಆಕೆ ಎತ್ತಿ ಅಪ್ಪಿಕೊಂಡಳು. ಆಗಲೂ ಮುಗಿಯಲಿಲ್ಲ. ಬಹುಕಾಲದ ಮೇಲೆ ತಮ್ಮನಾದ ಉತ್ತಮನನ್ನು ಯಕ್ಷನೊಬ್ಬನು ಕೊಂದಾಗ ಧ್ರುವನು ತಪ್ಪು ಮಾಡದ ಯಕ್ಷರನ್ನೂ ಕೊಲ್ಲಲು ತೊಡಗಿದನು. ಪಿತಾಮಹನಾದ ಸ್ವಾಯಂಭುವ ಮನುವು ಬಂದು ತಡೆಯಬೇಕಾಯಿತು. ಕಡೆಗೆ ಕುಬೇರನು ವರವನ್ನು ಕೇಳೆಂದಾಗ ಅವನು ಕೇಳಿದ್ದು ಶ್ರೀಹರಿಯ ಅಚಲವಾದ ಸ್ಮೃತಿಯನ್ನು ಮಾತ್ರ. ಐದನೆಯ ವರ್ಷದಲ್ಲಿ ಬಿದ್ದ ಪೆಟ್ಟು ಮಾಯಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನೋಡಿ. ನಮ್ಮ ಸೊಸೆಯಂದಿರೋ ಮಕ್ಕಳೋ ಹಳೆಯ ಮಾತೊಂದನ್ನು ಮರೆಯಲಾರದೆ ಇದ್ದರೆ ಭಕ್ತಿ ಸಾಲದೆಂದು ಹೇಳುವ ಮೊದಲು ಚತುರ್ಥ ಸ್ಕಂಧವನ್ನು ಒಮ್ಮೆ ಓದುವುದು ಒಳ್ಳೆಯದು.

ಈಗ ನಮ್ಮ ನಾಡಿನ ಸಂಗತಿಗೆ ಬರೋಣ. ಹೆಳವನಕಟ್ಟೆ ಗಿರಿಯಮ್ಮನವರ ಹೆಸರನ್ನು ಕೇಳದ ಮಾಧ್ವ ಗೃಹಿಣಿಯಿಲ್ಲ. ಹದಿನೆಂಟನೆಯ ಶತಮಾನದ ಈ ಹರಿದಾಸಿಯು ರಾಣೆಬೆನ್ನೂರಿನವರು. ಕೊಟ್ಟ ಮನೆ ಮಲೇಬೆನ್ನೂರಿನದು. ಈ ಮಲೇಬೆನ್ನೂರು 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಆದುದರಿಂದ ಗಿರಿಯಮ್ಮನವರನ್ನು ನಮ್ಮವರೆಂದು ಹೇಳಿಕೊಳ್ಳಲು ನಮಗೆ ಹಕ್ಕುಂಟು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರೆಂದೂ, ಮದುವೆಯಾದರೂ ಸಂಸಾರವು ಎಲ್ಲರಂತೆ ನಡೆಯಲಿಲ್ಲವೆಂದೂ, ಸಂತಾನವಾಗದೆ ಪತಿಗೆ ಮತ್ತೊಂದು ಮದುವೆಯಾಯಿತೆಂದೂ ಸಂಪ್ರದಾಯದಲ್ಲಿ ಹೇಳುತ್ತಾರೆ. ಆ ಕಾಲದಲ್ಲಿ ಮಕ್ಕಳಿಲ್ಲದ ಹೆಣ್ಣು, ಅದರಲ್ಲಿಯೂ ದೇವರ ಮುಂದೆ ಹಾಡುತ್ತ ಕೂರುವ ಹೆಣ್ಣು, ಊರಿನ ಬಾಯಲ್ಲಿ ಏನೇನು ಕೇಳಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಹೆಳವನಕಟ್ಟೆಯ ರಂಗನಾಥನ ಸನ್ನಿಧಿಯು ಅವರಿಗೆ ಆಶ್ರಯವಾಯಿತು. ಗೋಪಾಲದಾಸರ ಅನುಗ್ರಹವೂ ದೊರೆಯಿತೆಂದು ಪ್ರತೀತಿ.

ಆ ಗಿರಿಯಮ್ಮನವರು ರಚಿಸಿದ ಹಾಡುಗಳಲ್ಲಿ ಚಂದ್ರಹಾಸನ ಕಥೆಯೂ ಒಂದು. ಅವರ ಸೀತಾಕಲ್ಯಾಣ, ಉದ್ದಾಳಿಕನ ಕಥೆಗಳಿಗೂ ಮನ್ನಣೆಯುಂಟು. ಆದರೆ ಮನೆಮನೆಗಳಲ್ಲಿ ಹೆಂಗಸರ ಬಾಯಿಂದ ಬಾಯಿಗೆ ಬಂದು ಉಳಿದದ್ದರಲ್ಲಿ ಚಂದ್ರಹಾಸನದೇ ಮೇಲುಗೈ. ಚಂದ್ರಹಾಸನಾದರೋ ಹುಟ್ಟಿನಿಂದಲೇ ತಬ್ಬಲಿ. ತಂದೆ ಯುದ್ಧದಲ್ಲಿ ಮಡಿದನು, ತಾಯಿ ಅಗ್ನಿಯನ್ನು ಪ್ರವೇಶಿಸಿದಳು. ಎತ್ತಿಕೊಂಡು ಓಡಿಬಂದ ದಾದಿಯು ಕುಂತಳ ನಗರಿಯಲ್ಲಿ ಕೂಲಿ ಮಾಡಿ ಸಾಕಿ, ಅವಳೂ ತೀರಿಕೊಂಡಳು. ಬೀದಿಯಲ್ಲಿ ಬೆಳೆದ ಆ ಶಿಶುವಿಗೆ ಊರ ಹೆಂಗಸರು ಉಣ್ಣಿಸಿದರು; ಸಿಕ್ಕಿದ ಸಾಲಿಗ್ರಾಮವನ್ನು ಅದು ಬಾಯಲ್ಲಿಟ್ಟುಕೊಂಡು ಆಡುತ್ತಿತ್ತು. ಮಂತ್ರಿಯಾದ ದುಷ್ಟಬುದ್ಧಿಯು ಕೊಲ್ಲಲು ಕಳುಹಿಸಿದನು. ಕಟುಕರು ಕನಿಕರದಿಂದ ಆರನೆಯ ಬೆರಳನ್ನು ಮಾತ್ರ ಕತ್ತರಿಸಿಕೊಂಡು ಹೋದರು. ಕಾಡಿನಲ್ಲಿ ಅಳುತ್ತಿದ್ದ ಮಗುವನ್ನು ಮಕ್ಕಳಿಲ್ಲದ ಕುಳಿಂದನು ಕಂಡು ಎತ್ತಿಕೊಂಡನು. ಮುಂದಿನದು, ವಿಷವು ವಿಷಯೆಯಾದ ಕಥೆ, ಎಲ್ಲರಿಗೂ ತಿಳಿದದ್ದೇ.

ತಂದೆತಾಯಿಗಳಿಲ್ಲದೆ ಬೆಳೆದವರು, ಮಕ್ಕಳಿಲ್ಲದೆ ಇದ್ದವರು, ತಬ್ಬಲಿ ಮಗುವಿನ ಕಥೆಯನ್ನೇ ಆರಿಸಿಕೊಂಡರು. ತಮ್ಮ ದುಃಖವನ್ನು ತಾವು ಎಲ್ಲಿಯೂ ಹೇಳಿಕೊಳ್ಳಬೇಕಾಗಲಿಲ್ಲ, ಚಂದ್ರಹಾಸನದನ್ನು ಹಾಡಿದರು. ಇದು ನನ್ನ ಊಹೆಯೇ ಹೊರತು ಅವರು ಬರೆದಿಟ್ಟ ಮಾತಲ್ಲ. ಕಥೆಯ ಅಂತ್ಯವನ್ನೂ ನೋಡಬೇಕು. ಚಂದ್ರಹಾಸನಿಗಾಗಿ ಹೂಡಿದ ಸಂಚಿನಲ್ಲಿ ಮಂತ್ರಿಯ ಮಗನಾದ ಮದನನೇ ಬಲಿಯಾದನು, ಅದನ್ನು ಕಂಡು ದುಷ್ಟಬುದ್ಧಿಯೂ ಪ್ರಾಣಬಿಟ್ಟನು. ಮತ್ತೆ ಮತ್ತೆ ತನ್ನನ್ನು ಕೊಲ್ಲಿಸಲು ನೋಡಿದವನ ಪ್ರಾಣವನ್ನು ಚಂದ್ರಹಾಸನು ದೇವಿಯಲ್ಲಿ ಬೇಡಿ ತಂದನು. ಧ್ರುವನಿಗೆ ಮನುವು ಬಂದು ಹೇಳಬೇಕಾದದ್ದು ಇವನಿಗೆ ತಾನಾಗಿಯೇ ಸಾಧಿಸಿತು. ದಾರಿ ಒಬ್ಬೊಬ್ಬರಿಗೆ ಒಂದೊಂದು ದೂರ.

ಆ ಗ್ರಾಮದ ತಾಯಿಯ ವಿಷಯವನ್ನು ಇಲ್ಲಿ ಹೇಳಿ ಮುಗಿಸಬೇಕು. ನನ್ನ ಪಾಠವಾದ ಮರುದಿನ ಬೆಳಿಗ್ಗೆ ತೀರ್ಥರೂಪರು ಅವರ ಮನೆಗೆ ಹೋಗಿ ಜಗಲಿಯ ಮೇಲೆ ಕುಳಿತರು. "ಅಳಿ ತಾಯಿ, ತಪ್ಪೇನಿಲ್ಲ. ಹುಡುಗ ಚಿಕ್ಕವನಿದ್ದಾಗ ಹೇಗಿದ್ದ ಹೇಳಿ" ಎಂದರು. ಎರಡು ಗಂಟೆಯ ಕಾಲ ಆಕೆ ಹೇಳಿದರು. ಹೊರಡುವಾಗ, ಅತ್ತೆಯವರಿಂದ ಚಂದ್ರಹಾಸನ ಹಾಡನ್ನು ಕಲಿತದ್ದುಂಟೆ ಎಂದು ವಿಚಾರಿಸಿ, ಮಾರ್ಗಶಿರದಲ್ಲಿ ನಾಲ್ಕಾರು ಹೆಂಗಸರಿಗೆ ಅದನ್ನು ಹೇಳಿಕೊಡಬೇಕೆಂದು ಕೇಳಿಕೊಂಡು ಬಂದರು. ಮಾರ್ಗಶಿರದಲ್ಲಿ ಆಕೆ ಆರಂಭಿಸಿದರು. ಕುಳಿಂದನು ಮಗುವನ್ನು ಎತ್ತಿಕೊಳ್ಳುವ ಕಡೆಯಲ್ಲಿ ಹಾಡು ನಿಂತುಹೋಯಿತು. ಉಳಿದವರು ಸುಮ್ಮನೆ ಕುಳಿತಿದ್ದು ಎದ್ದುಬಂದರು. ಮುಂದಿನ ವಾರವೂ ಅಲ್ಲಿಯೇ ನಿಂತಿತು. ಮೂರನೆಯ ವಾರ ಪಕ್ಕದ ಮನೆಯ ಹುಡುಗಿಯೊಬ್ಬಳು ಆ ನುಡಿಯನ್ನು ತಾನು ಎತ್ತಿಕೊಂಡಳು. ಆಕೆ ಮೆಲ್ಲನೆ ದನಿಗೂಡಿಸಿದರು. ಸಂಕ್ರಾಂತಿಯ ಹೊತ್ತಿಗೆ ಹಾಡು ಪೂರ್ಣವಾಯಿತು. ಆಕೆಯ ದುಃಖವು ಹೋಯಿತೆಂದು ನಾನು ಬರೆಯಲಾರೆ. ಮಗನ ಸ್ಕೂಟರ್ ಇಂದಿಗೂ ಅಂಗಳದ ಚಪ್ಪರದ ಕೆಳಗೆ ನಿಂತಿದೆ. ಆದರೆ ಅಡಿಗೆ ಮಾಡುತ್ತಾರೆ, ಊಟ ಮಾಡುತ್ತಾರೆ, ಏಕಾದಶಿಯ ಭಜನೆಗೆ ಬರುತ್ತಾರೆ, ಒಮ್ಮೊಮ್ಮೆ ನಗುತ್ತಾರೆ.

ಒಂದು ಮಾತನ್ನು ಬಿಡಬಾರದು. ತಿಂಗಳುಗಟ್ಟಲೆ ನಿದ್ರೆ ಬಾರದೆ, ಅನ್ನ ಸೇರದೆ, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬರುವಂತಿದ್ದರೆ ವೈದ್ಯರ ಬಳಿ ಹೋಗುವುದು ಶಾಸ್ತ್ರಕ್ಕೂ ಭಕ್ತಿಗೂ ವಿರೋಧವಲ್ಲ. ಜ್ವರಕ್ಕೆ ಔಷಧ ತೆಗೆದುಕೊಳ್ಳುವವರು ಇದಕ್ಕೆ ನಾಚಬೇಕಾಗಿಲ್ಲ. ಔಷಧದಲ್ಲಿಯೂ ಧನ್ವಂತರಿಯ ಸನ್ನಿಧಾನವನ್ನೇ ನಾವು ಚಿಂತಿಸುತ್ತೇವಷ್ಟೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ, ಸಾಮಾನ್ಯ ಆರೋಗ್ಯ ಕೇಂದ್ರಗಳ ಮೂಲಕ ಮನಸ್ಸಿನ ಚಿಕಿತ್ಸೆಯು ಹಳ್ಳಿಯವರಿಗೂ ದೊರೆಯಬಹುದೆಂದು ಮಾಡಿ ತೋರಿಸಿದರು. 2022ರ ಅಕ್ಟೋಬರಿನಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ವ್ಯವಸ್ಥೆಯೂ ಇದೆ; 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮನೆಯ ಹಿರಿಯರು ಈ ಸಂಖ್ಯೆಯನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ.

ಬರುವ ಮಾರ್ಗಶಿರ ಮಾಸದ ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ದೇವಾಲಯದ ಪ್ರಾಕಾರದಲ್ಲಿ ಮಾತೆಯರು ಗಿರಿಯಮ್ಮನವರ ಚಂದ್ರಹಾಸನ ಕಥೆಯನ್ನು ಹಾಡಲಿದ್ದಾರೆ. ಮನೆಯಲ್ಲಿ ವರ್ಷದೊಳಗೆ ಸಾವಾಗಿದೆ, ಬರಬಹುದೋ ಬಾರದೋ ಎಂದು ಕೆಲವರು ಕೇಳಿದ್ದಾರೆ. ಆಶೌಚ ಕಳೆದವರೆಲ್ಲರೂ ಬರಬಹುದು. ಹಾಡಲೇಬೇಕೆಂಬ ನಿಯಮವಿಲ್ಲ, ಕಂಬಕ್ಕೆ ಒರಗಿ ಕೇಳುತ್ತ ಕುಳಿತಿದ್ದರೂ ಆದೀತು.

ಶ್ರೀಕೃಷ್ಣಾರ್ಪಣಮಸ್ತು